ಸಾಹೇಬರ ತೊಂಬತ್ತೆಂಟು

"ಹನ್ನೊಂದು ಜನ ಕೂತಿದ್ರಿ. ಒಬ್ಬರ ಬಾಯಲ್ಲೂ ಮಾತು ಬರ್ಲಿಲ್ವಾ?"

ಲೆಕ್ಕ ತಪಾಸಣೆಗೆ ಬಂದ ಹುಡುಗಿ ಹೀಗೆ ಕೇಳಿದಾಗಲೂ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಗೋಡೆಯ ಫ್ಯಾನು ಅತ್ತಿತ್ತ ತಿರುಗುತ್ತ ಎಲ್ಲರ ಮುಖಕ್ಕೂ ಒಂದಿಷ್ಟು ಗಾಳಿ ಹಂಚುತ್ತಿತ್ತು. ಶಾಖೆಯ ಪುಸ್ತಕ ಬರೆಯುವ ಲೆಕ್ಕದಕ್ಕ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

ನಡೆದದ್ದಿಷ್ಟು. ಬಡ ಹೆಂಗಸರಿಗೆ ಗುಂಪು ಸಾಲ ಕೊಡುವ ಆ ಸಂಸ್ಥೆಗೆ ಎರಡು ವರ್ಷದ ಕೆಳಗೆ ದುಡ್ಡು ಕೊಡುವ ಪರದೇಶದವರು ಬಂದಿದ್ದರು. ಶಾಖೆಯ ಮುಖ್ಯಸ್ಥರಾದ ಸಾಹೇಬರು ಕನ್ನಡಕ ತಮ್ಮ ಕೋಣೆಯಲ್ಲೇ ಮರೆತು ಬಂದು, ಹಾಳೆಯನ್ನು ದೂರ ಹಿಡಿದು, "ವಸೂಲಿ ನೂರಕ್ಕೆ ತೊಂಬತ್ತೆಂಟು" ಎಂದು ಓದಿಬಿಟ್ಟರು. ಇದ್ದದ್ದು ಎಂಬತ್ತೊಂಬತ್ತು. ಬರೆದವಳು ಲೆಕ್ಕದಕ್ಕನೇ. ಕೊಡೋಣವೆಂದು ತಂದ ಕನ್ನಡಕವೂ ಅವಳ ಕೈಯಲ್ಲೇ ಇತ್ತು. ಆದರೆ ನಾಲ್ಕು ಜನರ ಮುಂದೆ ಹಿರಿಯರಿಗೆ ಅದನ್ನು ಚಾಚುವುದೆಂದರೆ, ನಿಮಗೆ ಕಣ್ಣು ಕಾಣದು ಎಂದು ಮುಖಕ್ಕೆ ಹೇಳಿದ ಹಾಗಲ್ಲವೇ? ಗಂಡ ಸತ್ತ ವರ್ಷ ಕರೆದು ಕೆಲಸ ಕೊಟ್ಟವರು ಬೇರೆ. ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಬಂದವರು ಚಪ್ಪಾಳೆ ತಟ್ಟಿದರು. ಆ 'ಆಮೇಲೆ' ಬರಲೇ ಇಲ್ಲ.

ಸಾಹೇಬರ ಮಾತು ಸುಳ್ಳಾಗಬಾರದೆಂದು ಅವಳು ಪುಸ್ತಕವನ್ನೇ ತಿದ್ದಿದಳು. ಬಾರದ ಕಂತುಗಳನ್ನು ಬಂದವೆಂದು ಬರೆದಳು. ಒಂದು ತಿಂಗಳು ಬರೆದ ಮೇಲೆ ಮುಂದಿನ ತಿಂಗಳೂ ಬರೆಯಲೇಬೇಕಲ್ಲ. ಪುಣ್ಯಾತ್ಗಿತ್ತಿ, ಒಂದು ಪೈಸೆ ಮನೆಗೆ ಒಯ್ದವಳಲ್ಲ. ಉಳಿದವರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಸಾಹೇಬರೊಬ್ಬರಿಗೇ.

"ದುಡ್ಡು ಕೊಟ್ಟೋರ ದೇಶದಲ್ಲಾಗಿದ್ರೆ ಟೀ ತರೋನೂ ಕೈ ಎತ್ತಿ, ತಪ್ಪು ಓದಿದ್ರಿ ಅಂತಿದ್ದ," ಎಂದಳು ಹುಡುಗಿ.

"ಅವರ ರೀತಿ ಅವರಿಗೆ," ಎಂದು ಕಂತು ವಸೂಲಿಯವನು ಗೊಣಗಿದ.

ಸಾಹೇಬರು ಲೆಕ್ಕದಕ್ಕನ ಕಡೆ ತಿರುಗಿದರು. "ಅವತ್ತೇ ಒಂದು ಮಾತು ಹೇಳೋದಲ್ವೇನಮ್ಮಾ? ನಕ್ಕು ತಿದ್ಕೋತಿದ್ದೆ."

"ನೀವು ಅಂದ್ಮೇಲೆ ಹೇಗೆ ಹೇಳೋದು ಸಾರ್?"

ಹುಡುಗಿ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಮೇಲಿನ ಗೆರೆ ಲೆಕ್ಕ ತಿದ್ದಿದವರದು, ಕೆಳಗಿನದು ಶಾಖೆಯ ಮುಖ್ಯಸ್ಥರದು. "ಮೇಲೆ ಸಹಿ ಮಾಡಿದೋರು ಇವತ್ತೇ ಮನೆಗೆ. ನಾನೊಂದು ಫೋನ್ ಮಾಡಿ ಬರ್ತೀನಿ," ಎಂದು ಹೊರಗೆ ಹೋದಳು.

ಲೆಕ್ಕದಕ್ಕ ಮನೆಗೆ ಹೋಗಿ ಏನು ಮಾಡುವುದು? ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಇದೆ. ಮನೆ ಬಾಡಿಗೆ ಇದೆ. ದುಡಿಯುವವಳು ಇವಳೊಬ್ಬಳೇ. ಸಾಹೇಬರ ನಿವೃತ್ತಿಗೆ ಇನ್ನು ಮೂರೇ ತಿಂಗಳು.

ಸಾಹೇಬರು ಜೇಬು ತಡವಿಕೊಂಡರು. ಕನ್ನಡಕವನ್ನು ಇವತ್ತೂ ಕೋಣೆಯಲ್ಲೇ ಮರೆತು ಬಂದಿದ್ದರು. ಅಭ್ಯಾಸಬಲದಿಂದ ಲೆಕ್ಕದಕ್ಕ ಅದರ ಡಬ್ಬಿಯನ್ನು ಎತ್ತಿಕೊಂಡು ಬಂದಿದ್ದಳು. ಅದು ಅವಳ ಮಡಿಲಲ್ಲಿತ್ತು. ಅವರು ಹಾಳೆ ಎಳೆದುಕೊಂಡು ಮೇಲಿನ ಗೆರೆಯ ಮೇಲೆ ಪೆನ್ನಿಟ್ಟರು. ಎಲ್ಲರೂ ನೋಡಿದರು. ಯಾರೂ ಮಾತಾಡಲಿಲ್ಲ.

ಸಾಹೇಬರು ತಲೆ ಎತ್ತಿದರು. "ಇಲ್ಲೇ ತಾನೇನಮ್ಮಾ?"

"ಹೌದು ಸಾರ್," ಎಂದಳು ಲೆಕ್ಕದಕ್ಕ.

ಅವರು ನಿಧಾನವಾಗಿ ಪೂರ್ತಿ ಹೆಸರು ಬರೆದು, ಎಂದಿನಂತೆ ಕೆಳಗೊಂದು ಚುಕ್ಕೆ ಇಟ್ಟರು. ಆಮೇಲೆ ಅವಳು ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಅವರತ್ತ ಸರಿಸಿದಳು. ಸಾಹೇಬರು ಅದನ್ನು ತೆರೆಯಲಿಲ್ಲ. ಫ್ಯಾನಿನ ಗಾಳಿಗೆ ಹಾರದಿರಲೆಂದು ಹಾಳೆಯ ಮೇಲೆ ಭಾರಕ್ಕಿಟ್ಟರು.