ಸಿನಿಮಾದಲ್ಲಿ ಸಿಕ್ಕ ಮಗ

ಸಿನಿಮಾದವರು ಕಳಿಸಿದ್ದ ಹೂವಿನ ಚಕ್ರದ ನಡುವೆ ಅಂಟಿಸಿದ್ದ ಫೋಟೋವನ್ನು ಮಗಳು ಉಗುರಿನಿಂದ ಕೆರೆದು ಕೀಳುತ್ತಿದ್ದಳು. ಸತ್ತಿದ್ದು ಅವಳ ಅಮ್ಮ. ಫೋಟೋದಲ್ಲಿ ನಗುತ್ತಿದ್ದವಳು ಅಮ್ಮನ ಕತೆಯ ಸಿನಿಮಾದಲ್ಲಿ ಅಮ್ಮನ ಪಾತ್ರ ಮಾಡಿದ್ದ ನಟಿ. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ರೋಗಿಗಳ ಹಾಸುಬಟ್ಟೆ ಇಸ್ತ್ರಿ ಮಾಡಿದ ಹೆಂಗಸಿಗೆ ಅಂಥ ನುಣುಪು ಕೆನ್ನೆ ಎಲ್ಲಿಂದ ಬರಬೇಕು?

“ಇರ್ಲಿ ಬಿಡೇ, ಅಕ್ಕನಿಗಿಂತ ಚೆನ್ನಾಗೇ ಇದಾಳೆ,” ಎಂದಳು ಚಿಕ್ಕಮ್ಮ.

ಮಗಳು ಕೆರೆಯುವುದನ್ನು ನಿಲ್ಲಿಸಲಿಲ್ಲ. ಅಮ್ಮ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ಒಮ್ಮೆಯೂ ಇತ್ತ ತಲೆ ಹಾಕದವರೆಲ್ಲ ಈಗ ನಡುಮನೆಯಲ್ಲಿ ಕಿಕ್ಕಿರಿದಿದ್ದರು, ಸಿನಿಮಾದವರು ಬರುತ್ತಾರೆಂದು ತಲೆ ಬೇರೆ ಬಾಚಿಕೊಂಡು. ಮೇಲಿನ ಮನೆಯಾಕೆ ಆ ಸಿನಿಮಾವನ್ನು ಮೂರು ಸಲ ನೋಡಿದ್ದವಳು. ಮಗ ಬಂದನೇ, ಅವನಿಗೆ ಸುದ್ದಿ ಮುಟ್ಟಿಸಿದಿರಾ ಎಂದು ಕೇಳಿದಳು. ಅವನು ಸಿಕ್ಕೇ ಇಲ್ಲ ಎಂದಳು ಮಗಳು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎನ್ನುವಂತೆ ಆಕೆ ಮಗಳ ಬೆನ್ನು ಸವರಿ ಹೋದಳು.

*

ಮಗಳ ಐದು ವರ್ಷದ ತಮ್ಮ, ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ಅಮ್ಮನ ಕೈ ಬಿಡಿಸಿಕೊಂಡು ಹೋದವನು ಮತ್ತೆ ಸಿಗಲಿಲ್ಲ. ಅಂದಿನಿಂದ ರಜೆಯ ದಿನ ಬಂತೆಂದರೆ ಅಮ್ಮ ಗೋಂದಿನ ಡಬ್ಬ ಹಿಡಿದು ಹೊರಡುವಳು. ಅವನ ಚಿತ್ರವಿದ್ದ ಚೀಟಿಗಳನ್ನು ಸಿಕ್ಕ ಗೋಡೆಗೆಲ್ಲ ಅಂಟಿಸುವಳು. ಹದಿನೆಂಟು ವರ್ಷ ಹೀಗೇ ನಡೆದ ಮೇಲೆ ಸಿನಿಮಾ ನಿರ್ದೇಶಕನೊಬ್ಬ ಬಂದ. ಕತೆ ಕೇಳಿ ಕಣ್ಣೊರೆಸಿಕೊಂಡ. ಆದರೆ ಸಿನಿಮಾದ ಕೊನೆಯಲ್ಲಿ ಮಗ ಸಿಗಲೇಬೇಕು, ಇಲ್ಲದಿದ್ದರೆ ಜನ ನೋಡುವುದಿಲ್ಲ ಎಂದ.

ಅಮ್ಮ ಸುತರಾಂ ಒಪ್ಪಲಿಲ್ಲ. ಒಪ್ಪಿಸಿದ್ದು ಮಗಳೇ. ಸಿನಿಮಾ ನೋಡಿದ ಯಾರಾದರೂ ತಮ್ಮನ ಗುರುತು ಹಿಡಿದಾರು ಎಂದು ದುಂಬಾಲು ಬಿದ್ದಿದ್ದಳು. ಮೊದಲ ಪ್ರದರ್ಶನದಲ್ಲಿ, ತೆರೆಯ ಮೇಲೆ ಮಗ ಓಡಿ ಬಂದು ತಾಯಿಯನ್ನು ತಬ್ಬಿದಾಗ ಚಪ್ಪಾಳೆಯೋ ಚಪ್ಪಾಳೆ. ಮಗಳೂ ತಟ್ಟಿದಳು. ಅಮ್ಮ ಮಾತ್ರ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

“ಇನ್ಮೇಲೆ ಯಾರೂ ಹುಡುಕಲ್ಲ ಕಣೇ,” ಎಂದಳು.

ಹಾಗೇ ಆಯಿತು. ಮುಂದಿನ ವಾರ ನಿಲ್ದಾಣದ ಅಂಗಡಿಯವನು ಚೀಟಿಯನ್ನು ಮುಟ್ಟಲೂ ಇಲ್ಲ. “ಸಿಕ್ಕಿದ್ನಲ್ಲಮ್ಮ, ನಾನೇ ಕಣ್ಣಾರೆ ನೋಡಿದೆ,” ಎಂದ. ಮತ್ತೆ ನಾಲ್ಕು ವರ್ಷ ಅಮ್ಮ ಅಂಟಿಸುತ್ತಲೇ ಹೋದಳು, ಜನ ನಗುತ್ತಲೇ ಹರಿದು ಹಾಕಿದರು. ತಾನು ತಟ್ಟಿದ ಆ ಚಪ್ಪಾಳೆ ನೆನಪಾದರೆ ಮಗಳಿಗೆ ಈಗಲೂ ತನ್ನ ಅಂಗೈಯೇ ಅಸಹ್ಯ.

*

ನಿರ್ದೇಶಕ ಬಂದಾಗ ನಡುಮನೆಯವರೆಲ್ಲ ಎದ್ದು ದಾರಿ ಬಿಟ್ಟರು. ಜೊತೆಗೆ ಮಗನ ಪಾತ್ರ ಮಾಡಿದ್ದ ನಟ, ಹಿಂದೆ ಕ್ಯಾಮೆರಾದವನು. ಆಕೆ ಪುಣ್ಯವಂತೆ, ಕೊನೆಗಾಲದಲ್ಲಿ ಮಗನ ಮುಖ ನೋಡಿದಳು ಎಂದು ನಿರ್ದೇಶಕ ಗದ್ಗದನಾದ. ತಾನು ಬರೆದ ಸುಳ್ಳನ್ನು ತಾನೇ ನಂಬಿಕೊಂಡು ಕೂತಿದ್ದಾನಲ್ಲ ಎಂದು ಮಗಳಿಗೆ ಮೈಯೆಲ್ಲ ಉರಿಯಿತು.

ಶವಪೆಟ್ಟಿಗೆಗೆ ಆರು ಹಿಡಿಕೆ. ಒಂದಕ್ಕೆ ಮಗಳು, ಇನ್ನೊಂದಕ್ಕೆ ಚಿಕ್ಕಪ್ಪ, ಮತ್ತೆ ಮೂರಕ್ಕೆ ಅಮ್ಮನ ಜೊತೆ ದುಡಿದ ಲಾಂಡ್ರಿಯವರು. ಆರನೆಯದನ್ನು ನಟ ಹಿಡಿಯಲಿ, ಮಗನ ಸ್ಥಾನದಲ್ಲಿ ಎಂದ ನಿರ್ದೇಶಕ. ಚಿಕ್ಕಪ್ಪ ಸಂತೋಷದಿಂದ ತಲೆಯಾಡಿಸಿದ. ನಟ ಬಂದು ಹಿಡಿಕೆಗೆ ಕೈ ಹಾಕಿದ. ಕ್ಯಾಮೆರಾ ಅತ್ತ ತಿರುಗುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ತಯಾರಾಗಿತ್ತು.

“ಕೈ ತೆಗೀರಿ,” ಎಂದಳು ಮಗಳು.

ಯಾರಿಗೂ ಅರ್ಥವಾಗಲಿಲ್ಲ.

“ಅದು ನನ್ನ ತಮ್ಮನ ಜಾಗ. ಅವನಿನ್ನೂ ಸಿಕ್ಕಿಲ್ಲ. ಅಮ್ಮ ಹುಡುಕ್ತಾನೇ ಸತ್ತಳು. ಈ ಮಾತನ್ನ ಇಲ್ಲಿರೋರೆಲ್ಲ ಕೇಳಿಸ್ಕೊಳ್ಳಿ.”

ಒಂದು ಕಡೆ ಖಾಲಿ ಬಿಟ್ಟರೆ ಭಾರ ವಾಲುತ್ತದೆ ಎಂದು ಚಿಕ್ಕಪ್ಪ ಗೊಣಗಿದ. ವಾಲಲಿ ಎಂದಳು. ನಟ ಕೈ ತೆಗೆದ. ಅವನ ಕಣ್ಣೀರೂ ನಿಂತಿತು.

ಐವರು ಸೇರಿ ಎತ್ತಿದರು. ಪೆಟ್ಟಿಗೆ ಒಂದು ಮೂಲೆಗೆ ವಾಲಿತು. ಬೀದಿಯಲ್ಲಿ ನಿಂತ ಜನ ತೆರೆದ ಪೆಟ್ಟಿಗೆಯಲ್ಲಿ ಕಾಣುತ್ತಿದ್ದ ಅಮ್ಮನ ಮುಖವನ್ನಲ್ಲ, ಆ ಮೂಲೆಯನ್ನೇ ನೋಡಿದರು. ಅಲ್ಲಿ ಯಾರೂ ಹಿಡಿಯದ ಹಿಡಿಕೆ ಜೋತುಬಿದ್ದು, ಹೆಜ್ಜೆಹೆಜ್ಜೆಗೂ ಮರದ ಹಲಗೆಗೆ ಬಡಿಯುತ್ತ ಹೋಯಿತು.