ಹದಿನೇಳು ಟವೆಲ್

ಅಪ್ಪನ ಶರ್ಟಿನ ಕಾಲರಿನ ಮೇಲೆ ಅಕ್ಕ ಮೂರನೇ ಸಲ ಇಸ್ತ್ರಿಪೆಟ್ಟಿಗೆ ಎಳೆದಳು. ಅಪ್ಪನೇ ನಡೆಸುತ್ತಿದ್ದ ಲಾಂಡ್ರಿಯ ಒಳಕೋಣೆಯಲ್ಲಿ ಅವರ ದೇಹ ಆ ಶರ್ಟಿಗಾಗಿ ಕಾಯುತ್ತಿತ್ತು, ಹೊರಗೆ ವ್ಯಾನು.

“ಸಾಕು ಬಿಡೇ ಅಕ್ಕ, ಎದ್ದು ಬಂದು ಚೆಕ್ ಮಾಡಲ್ಲ ಅಪ್ಪ,” ಎಂದ ತಮ್ಮ.

“ಮಾಡಿದ್ರೂ ಮಾಡ್ತಾರೆ.”

ತಮ್ಮ ಎದೆಯುಬ್ಬಿಸಿ ಅಪ್ಪನ ದನಿ ತೆಗೆದ: “ಬಟ್ಟೆ ಮೇಲಿನ ಕಲೆಗೂ ನನಗೂ ಹುಟ್ಟಾ ದ್ವೇಷ ಕಣೋ! ಇಬ್ರಲ್ಲಿ ಒಬ್ರೇ ಉಳಿಯೋದು!”

ಬಾಗಿಲಲ್ಲಿದ್ದ ಹಳೇ ಗಿರಾಕಿಗಳು ಗೊಳ್ಳೆಂದರು. ಉಳಿಯದವರು ಯಾರೆಂಬುದು ಆಮೇಲೆ ನೆನಪಾಯಿತು. ತಮ್ಮ ಗೋಡೆ ನೋಡಿದ.

“ಆ ಆಶ್ರಮಕ್ಕೆ ಸೇರಿಸಿ ತಪ್ಪು ಮಾಡಿದ್ನೇನೋ ಕಣೋ,” ಎಂದಳು ಅಕ್ಕ.

“ಫಸ್ಟ್ ಕ್ಲಾಸ್ ಜಾಗ ಅದು. ನಿನ್ನ ಮೂಗೇ ಪಾಸ್ ಮಾಡಿತ್ತಲ್ಲ!”

*

ಮೂರು ತಿಂಗಳ ಹಿಂದೆ ಇಬ್ಬರೂ ಎರಡು ವೃದ್ಧಾಶ್ರಮ ನೋಡಿದ್ದರು. ಮರೆವಿಗೆ ಬಿದ್ದಿದ್ದ ಅಪ್ಪನಿಗೆ ಆಗಲೇ ಮಗಳು ಗಿರಾಕಿಯಾಗಿದ್ದಳು: “ನಾಳೆ ಬನ್ನಿ ಮೇಡಂ, ರೆಡಿ ಇರತ್ತೆ.” ದಿನಕ್ಕೆ ನಾಲ್ಕು ಸಲ ಪೈಜಾಮ ಒದ್ದೆ.

ಮೊದಲನೆಯ ಜಾಗದಲ್ಲಿ ಬಾಗಿಲಲ್ಲೇ ಉಚ್ಚೆಯ ವಾಸನೆ. ಅಲ್ಲಿನ ದಪ್ಪ ನರ್ಸಮ್ಮ ಕೇಳಿದ್ದು ಒಂದೇ: “ಅವ್ರಿಗೆ ಒಂದಕ್ಕೆ ಬಂದಾಗ ನಮಗೆ ಹೇಗೆ ಗೊತ್ತಾಗತ್ತೆ? ಏನಾದ್ರೂ ಮಾಡ್ತಾರಾ?”

“ಬಟ್ಟೆ ಮಡಚೋಕೆ ಶುರು ಮಾಡ್ತಾರೆ. ತಕ್ಷಣ ಬಾತ್‌ರೂಮಿಗೆ ಕರ್ಕೊಂಡ್ ಹೋದ್ರೆ ಸರಿಹೋಗತ್ತೆ,” ಎಂದಿದ್ದಳು ಅಕ್ಕ.

ನರ್ಸಮ್ಮ ಅದನ್ನು ಅಂಗೈ ಮೇಲೆ ಬರೆದುಕೊಂಡಳು.

“ಕೈ ಮೇಲೆ ಬರ್ಕೊಳ್ಳೋರಿಗೆ ಅಪ್ಪನ್ನ ಒಪ್ಪಿಸೋದಾ?” ಎಂದಳು ಅಕ್ಕ, ಹೊರಗೆ ಬಂದು, ಹಿಡಿದಿದ್ದ ಮೂಗು ಬಿಟ್ಟು.

ಎರಡನೆಯದರಲ್ಲಿ ನಿಂಬೆಯ ಪರಿಮಳ, ಹೊಳೆಯುವ ನೆಲ, ಸಾಲಾಗಿ ಕೂತ ಮುದುಕರು. ಮೂಸಿಯೇ ಕಲೆ ಯಾವುದೆಂದು ಹೇಳುವುದನ್ನು ಅಪ್ಪನಿಂದ ಕಲಿತಿದ್ದ ಮಗಳು ಆ ಮೂಗನ್ನೇ ನಂಬಿ ಸಹಿ ಹಾಕಿದಳು. ಅಲ್ಲಿ ಡೈಪರ್ ಸೈಜ್ ಬಿಟ್ಟು ಯಾರೂ ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

*

ಶರ್ಟು ತೊಡಿಸುತ್ತಿರುವಾಗ ಆ ಎರಡನೇ ಆಶ್ರಮದ ಆಯಾ ಅಪ್ಪನ ಸಾಮಾನಿನ ಚೀಲ ಹಿಡಿದು ಬಂದಳು.

“ತಾತ ಚಿನ್ನದಂಥೋರು ಮೇಡಂ. ಗಲಾಟೆ ಇಲ್ಲ, ಏನಿಲ್ಲ. ಬೆಳಗ್ಗಿಂದ ಟವೆಲ್ ಮಡಚ್ತಾ ಕೂತಿರೋರು. ಮಡಚ್ತಾ ಮಡಚ್ತಾ ನಮ್ಮ ಮುಖಾನೇ ನೋಡೋರು.”

ಅಕ್ಕನ ಬೆರಳು ಗುಂಡಿಯ ಮೇಲೆ ನಿಂತಿತು. “ಆಗ... ನೀವೇನು ಮಾಡ್ತಿದ್ರಿ?”

“ಶಭಾಷ್ ತಾತ ಅಂತಿದ್ವಿ. ಇನ್ನೊಂದು ಟವೆಲ್ ಕೊಡ್ತಿದ್ವಿ.”

ತಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ.

“ಇವೆಲ್ಲ ಅವ್ರೇ ಮಡಚಿದ್ದು. ಬಿಚ್ಚೋಕೆ ಮನಸ್ಸು ಬರ್ಲಿಲ್ಲ,” ಎನ್ನುತ್ತ ಆಯಾ ಇಸ್ತ್ರಿ ಮೇಜಿನ ಮೇಲೆ ಒಂದರ ಮೇಲೊಂದು ಇಡುತ್ತ ಹೋದಳು.

ಹದಿನೇಳು ಬಿಳಿ ಟವೆಲ್. ಅಂಚಿಗೆ ಅಂಚು, ಗೆರೆ ಎಳೆದಂತೆ. ಮೇಲಿನದೊಂದು ಮಾತ್ರ ಅರ್ಧ ಮಡಿಕೆಗೇ ನಿಂತಿತ್ತು.