ಪರದೆ ಎಳೆಯದ ಮನೆ

ಶ್ರಾವಣಿ ಮುಂದಿನ ಕೋಣೆಯ ದೊಡ್ಡ ಕಿಟಕಿಯ ಗಾಜನ್ನು ಉಜ್ಜುತ್ತಿದ್ದಾಗ ಆ ಬಿಳಿ ಪಿಕಪ್ ಟ್ರಕ್ ಮತ್ತೆ ಬಂದು ಎದುರುಗಡೆ ನಿಂತಿತು. ಎಂಜಿನ್ ಆರಿತು. ಬಾಗಿಲು ತೆರೆಯಲಿಲ್ಲ.

ಶನಿವಾರ ಬಂತೆಂದರೆ ಈ ಮನೆಯಲ್ಲಿ ಗಾಜು ಒರೆಸಲೇಬೇಕು. ಚಿಕ್ಕಮ್ಮ ವೈದೇಹಿಯ ಗಂಡ ಹೆಂಡ್ರಿಕ್ ಡಚ್ ಮನುಷ್ಯ. ಅಮೆರಿಕದ ರೌಂಡ್ ರಾಕ್‌ನಲ್ಲೇ ತಲೆ ನರೆತರೂ ತಮ್ಮ ಊರಿನ ಪದ್ಧತಿ ಬಿಟ್ಟವರಲ್ಲ. ಓದು ಮುಗಿಸಿ ಮೈಸೂರಿನಿಂದ ಕೆಲವು ತಿಂಗಳು ಇದ್ದು ಹೋಗಲು ಬಂದ ಶ್ರಾವಣಿ, ಅಮೆರಿಕ ನೋಡುವ ಮೊದಲು ಹಾಲೆಂಡನ್ನೇ ಕಲಿಯಬೇಕಾಯಿತು. ಕಾಫಿಗೆ ಒಂದೇ ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಬೀಳುತ್ತದೆ. ಸಂಜೆ ಆರಕ್ಕೆ ಊಟ. ಹುಟ್ಟುಹಬ್ಬವಾದರೆ ಎಲ್ಲರೂ ದುಂಡಗೆ ಕುರ್ಚಿ ಹಾಕಿ ಕೂತು, ಮನೆಮಂದಿಗೆಲ್ಲ ಕೈಕುಲುಕಿ ಶುಭ ಹೇಳಬೇಕು. ಸ್ವಂತ ತಮ್ಮನೇ ಆದರೂ ಮೊದಲೇ ದಿನ ಗೊತ್ತುಮಾಡದೆ ಬಾಗಿಲು ತಟ್ಟುವಂತಿಲ್ಲ. ಇವೆಲ್ಲ ಅವಳಿಗೆ ಮೊದಲು ನಗು ತರಿಸಿ, ಬರಬರುತ್ತ ರೂಢಿಯಾದವು. ರೂಢಿಯಾಗದೆ ಉಳಿದದ್ದು ಕಿಟಕಿ. ಕತ್ತಲಾಗಿ ದೀಪ ಹಾಕಿದ ಮೇಲೂ ಪರದೆ ಎಳೆಯುವಂತಿರಲಿಲ್ಲ.

“ಮುಚ್ಚಿಡೋದು ಏನಿದೆ ನಮ್ಮ ಹತ್ರ?” ಎನ್ನುತ್ತಿದ್ದರು ಹೆಂಡ್ರಿಕ್, ಹೆಂಡತಿಯಿಂದ ಕಲಿತ ಕನ್ನಡದಲ್ಲಿ.

೨೦೧೭ರ ನವೆಂಬರ್ ಅದು; ಅಮೆರಿಕದಲ್ಲಿ ಭಾರತೀಯನೊಬ್ಬನನ್ನು ಗುಂಡಿಟ್ಟು ಕೊಂದ ವರ್ಷ. ಹೊರಗೆ ಹೋದಾಗ ಕನ್ನಡದಲ್ಲಿ ಜೋರಾಗಿ ಮಾತಾಡಬೇಡಿ ಎಂದು ಕನ್ನಡ ಸಂಘದ ಆಂಟಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕಾಲ. ಬೆಳಕಿನಲ್ಲಿ ಕೂತು ಅನ್ನ ಕಲಸುವಾಗ ಶ್ರಾವಣಿಯ ಬೆನ್ನು ಸೆಟೆದುಕೊಳ್ಳುತ್ತಿತ್ತು.

“ಚಿಕ್ಕಮ್ಮ, ಆ ಗಾಡಿ ಮತ್ತೆ ಬಂದಿದೆ.”

ಒಲೆಯ ಮುಂದಿದ್ದ ವೈದೇಹಿ ತಿರುಗಲಿಲ್ಲ. “ಯಾರೋ ಇರ್ತಾರೆ. ಆ ಕಡೆ ನೋಡ್ಬೇಡ.”

“ಯಾರೋ ಅಂದ್ರೆ? ಹೋದ ಶನಿವಾರಾನೂ ಇದ್ದ. ನಾವು ಉಣ್ಣೋದನ್ನೇ ನೋಡ್ತಾನೆ.”

“ನೋಡ್ಲಿ ಬಿಡು, ದೃಷ್ಟಿ ತೆಗೀತೀನಿ. ನೀನು ಗಾಜು ಒರೆಸು.”

ನಗುತ್ತಲೇ ಅಂದಳು. ಆದರೆ ಒಗ್ಗರಣೆ ಸೀದ ವಾಸನೆ ಮನೆಯೆಲ್ಲ ತುಂಬಿತು. ಊಟ ಮುಗಿದು ತಟ್ಟೆ ಎತ್ತುವ ಹೊತ್ತಿಗೆ ಟ್ರಕ್ ಹೊರಟುಹೋಗಿತ್ತು.

ಆ ಮನೆಯಲ್ಲಿ ಮಾತಿಗೆ ಬಾರದ ಇನ್ನೊಂದು ವಿಷಯ ಮಗ ಯಶಸ್‌ನದು. ಶ್ರಾವಣಿ ಅವನನ್ನು ನೋಡಿದ್ದು ಇಬ್ಬರೂ ಚಿಕ್ಕವರಿದ್ದಾಗ ಒಮ್ಮೆ ಮಾತ್ರ. ಕಾಲೇಜಿನಲ್ಲಿ ಅವನು ಫೇಲಾಗಿದ್ದ ವರ್ಷ, ಹೆಂಡ್ರಿಕ್ ತಮ್ಮ ಹುಟ್ಟುಹಬ್ಬದ ದಿನ, ದುಂಡಗೆ ಕೂತ ನೆಂಟರ ನಡುವೆ, “ಇವನಿಗೆ ಓದು ಹತ್ತಲ್ಲ” ಎಂದುಬಿಟ್ಟಿದ್ದರಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವರಿಗೆ ಬೈಗುಳವಲ್ಲ. ಹುಡುಗ ಕುರ್ಚಿ ಬಿಟ್ಟು ಎದ್ದವನು ಮತ್ತೆ ಮನೆಗೆ ಬರಲಿಲ್ಲ. ಮೊದಲು ಡಲ್ಲಾಸ್, ಈಗ ಹ್ಯೂಸ್ಟನ್, ಚೆನ್ನಾಗಿದ್ದಾನೆ ಎಂದು ಮೈಸೂರಿನವರು ಹೇಳುತ್ತಿದ್ದರು. ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಮುಂದಿನ ಶನಿವಾರ ಗಂಡ ಹೆಂಡತಿ ದ ಡೊಮೇನ್ ಮಾಲ್‌ಗೆ ಹೋದವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರು. ಊಟದ ಹೊತ್ತು ಮೀರಿತು. ಕತ್ತಲಲ್ಲಿ ಟ್ರಕ್ ಬಂದು ನಿಂತಿತು. ಒಬ್ಬಳೇ ಇದ್ದ ಶ್ರಾವಣಿ ಹೋಗಿ ಪರದೆ ಎಳೆದೇಬಿಟ್ಟಳು. ಎಷ್ಟೋ ಕಾಲದಿಂದ ಕದಲದ ಪರದೆಯ ಬಳೆಗಳು ಕಂಬಿಯ ಮೇಲೆ ಕಿರ್ರೆಂದವು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟ್ರಕ್ಕಿನ ಬಾಗಿಲು ತೆರೆದ ಸದ್ದು. ಹೆಜ್ಜೆ ರಸ್ತೆ ದಾಟಿತು, ಹುಲ್ಲಿಗೆ ಬಂತು. ಪರದೆಯ ಸಂದಿನಲ್ಲಿ ಗಡ್ಡ ಬಿಟ್ಟ ಮುಖವೊಂದು ಗಾಜಿಗೆ ಹಣೆ ಒತ್ತಿ ಒಳಗೆ ಹುಡುಕುತ್ತಿತ್ತು. ಶ್ರಾವಣಿ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡಿದಳು. ಕಿಟಕಿ ಬಡಿಯುವ ಸದ್ದು ನಿಲ್ಲಲೇ ಇಲ್ಲ.

ಅವಳು ಹೊರಗೆ ಬಂದಾಗ ಪರದೆಯ ಮೇಲೆ ಕೆಂಪು ನೀಲಿ ಬೆಳಕು ಹೊರಳುತ್ತಿತ್ತು. ಅಂಗಳದಲ್ಲಿ ಆ ಮನುಷ್ಯ ಮಂಡಿಯೂರಿದ್ದ, ಕೈ ತಲೆಯ ಹಿಂದೆ. ಇಬ್ಬರು ಪೊಲೀಸರು ಪಿಸ್ತೂಲು ಹಿಡಿದು ಕೂಗುತ್ತಿದ್ದರು. ಅಷ್ಟರಲ್ಲೇ ಕಾರು ಬಂದು ನಿಂತಿತು. ವೈದೇಹಿ ಇಳಿದವಳೇ, “ಅಯ್ಯೋ, ನನ್ನ ಮಗ ಅವ್ನು! ಬಿಡ್ರಪ್ಪಾ!” ಎಂದು ಕನ್ನಡದಲ್ಲೇ ಕಿರುಚುತ್ತ ಓಡಿದಳು. ಪಿಸ್ತೂಲೊಂದು ಅವಳ ಕಡೆ ತಿರುಗಿತು. ಹೆಂಡ್ರಿಕ್ ಹೆಂಡತಿಯ ರಟ್ಟೆ ಹಿಡಿದು ನಿಲ್ಲಿಸಿ, ಇನ್ನೊಂದು ಕೈ ಮೇಲೆತ್ತಿ, ಇಂಗ್ಲಿಷಿನಲ್ಲಿ ಮೆಲ್ಲಗೆ ಅದನ್ನೇ ಹೇಳಿದರು. ಮತ್ತೆ ಮತ್ತೆ ಹೇಳಿದರು.

ಪೊಲೀಸರು ಹೋದ ಮೇಲೆ ಯಶಸ್ ಮಂಡಿಯ ಮಣ್ಣು ಕೊಡವಿಕೊಂಡ. “ಪರದೆ ಎಳೆದಿತ್ತು,” ಎಂದ ಇಂಗ್ಲಿಷಿನಲ್ಲಿ. “ಊಟದ ಟೈಮಲ್ಲಿ ಯಾರೂ ಕಾಣಲಿಲ್ಲ. ನಿಮಗೇನೋ ಆಯ್ತು ಅಂದ್ಕೊಂಡೆ.”

“ಬೆಲ್ ಮಾಡಬಹುದಿತ್ತಲ್ಲ?” ಎಂದರು ಹೆಂಡ್ರಿಕ್.

“ನೀವು ಕರೆದಿರಲಿಲ್ಲ.”

ವೈದೇಹಿ ಮಗನ ತೋಳು ಹಿಡಿದಳು. ಅವನು ನಿಧಾನವಾಗಿ ಬಿಡಿಸಿಕೊಂಡು ಟ್ರಕ್ ಹತ್ತಿದ.

“ನಿಂಗೊತ್ತಿತ್ತಾ ಅವನೇ ಅಂತ?” ಹೆಂಡ್ರಿಕ್ ಕೇಳಿದರು.

“ನಿಮಗೆ?” ಎಂದಳು ವೈದೇಹಿ.

“ನನ್ನಿಂದ ಆಯ್ತು ಚಿಕ್ಕಮ್ಮ,” ಎಂದು ಶ್ರಾವಣಿ ಅತ್ತಳು. “ನಾನು ಹೇಳ್ಬೇಕಿತ್ತು ಕಣೇ,” ಎಂದು ವೈದೇಹಿ ಅವಳ ತಲೆ ನೇವರಿಸಿದಳು.

ಮರುವಾರ ಗಾಜು ಹೊಳೆಯಿತು, ಪರದೆ ತೆರೆದಿತ್ತು, ರಸ್ತೆಯಲ್ಲಿ ಯಾರೂ ಇರಲಿಲ್ಲ. ಅದರ ಮರುವಾರವೂ ಇರಲಿಲ್ಲ. ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಅಂದು ಊಟದ ನಡುವೆ ಹೆಂಡ್ರಿಕ್ ತಟ್ಟೆ ತಳ್ಳಿ ಎದ್ದು, ಮೇಜಿನ ಖಾನೆಯಿಂದ ಅಂಚು ಹಳದಿಯಾದ ಲಕೋಟೆ ತಂದರು. ಅದರ ಮೇಲೆ ಡಲ್ಲಾಸ್‌ನ ವಿಳಾಸವಿತ್ತು.

“ತಪ್ಪಾಯ್ತು ಅಂತ ಅವನು ಹೋದ ವರ್ಷಾನೇ ಬರೆದೆ. ಯಾವತ್ತು ಬಾ ಅನ್ನೋ ಜಾಗ ಖಾಲಿ ಬಿಟ್ಟೆ, ಕಳಿಸಲೇ ಇಲ್ಲ. ದಿನ ಹೇಳು ವೈದೇಹಿ.”

“ದಿನ ಬೇಡ. ಯಾವತ್ತಾದ್ರೂ ಬಾ ಅಂತ ಬರೀರಿ.”

“ಹಾಗಂದ್ರೆ ಹೇಗೆ? ಅವತ್ತು ನಾವು ಮನೇಲಿಲ್ದಿದ್ರೆ?”

“ಇರ್ತೀವಿ ರೀ.”

ಅವರು ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ ಹಾಗೆಯೇ ಬರೆದರು. ಡಲ್ಲಾಸ್ ಎಂಬುದನ್ನು ಹೊಡೆದುಹಾಕಿ, ವೈದೇಹಿ ಹೇಳಿದ ಹ್ಯೂಸ್ಟನ್ ವಿಳಾಸ ಹಾಕಿದರು. ಆ ವಿಳಾಸದಲ್ಲಿ ಅವನು ಇನ್ನೂ ಇದ್ದಾನೋ ಇಲ್ಲವೋ, ಅವಳಿಗೂ ಖಾತ್ರಿ ಇರಲಿಲ್ಲ. ಮೂವರೂ ಚಳಿಯಲ್ಲಿ ರಸ್ತೆ ಕೊನೆಯ ನೀಲಿ ಅಂಚೆಪೆಟ್ಟಿಗೆಯವರೆಗೆ ನಡೆದರು. ಹೆಂಡ್ರಿಕ್ ಲಕೋಟೆಯನ್ನು ಒಳಗೆ ಬಿಟ್ಟು, ಬಿತ್ತೋ ಇಲ್ಲವೋ ಎಂದು ಮುಚ್ಚಳವನ್ನು ಇನ್ನೊಮ್ಮೆ ತೆರೆದು ನೋಡಿದರು.